ಮಂಗರಸನಿಗೊಂದು ಎಡೆ

ಅಡಿಕೆ ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ನಲ್ಲೂರಿನ ನಮ್ಮ ಮನೆಯಲ್ಲಿ ಐದು ಜನ ಗೆಳತಿಯರು ಸೇರಿ ಒಂದು ಊಟ ಇಟ್ಟುಕೊಂಡೆವು. ಹಬ್ಬವಲ್ಲ, ನಾಮಕರಣವಲ್ಲ. ಐನೂರು ವರ್ಷಗಳ ಹಿಂದೆ ಕನ್ನಡದಲ್ಲಿ ಅಡುಗೆಯ ಪುಸ್ತಕ ಬರೆದ ಮೂರನೆಯ ಮಂಗರಸನ ಗೌರವಕ್ಕೆ! "ಕವಿಗೆ ಹಾರ ಹಾಕೋದು ಕಂಡಿದ್ದೆ, ಎಡೆ ಇಡೋದು ಕಂಡಿರಲಿಲ್ಲ ಬಿಡವ್ವಾ" ಎಂದು ನಮ್ಮತ್ತೆ ನಕ್ಕರು.

ಈ ಹುಚ್ಚು ಹತ್ತಿಸಿದವನು ಬ್ರಿಯಾ-ಸಾವರಾಂ ಎಂಬ ಫ್ರೆಂಚ್ ನ್ಯಾಯಾಧೀಶ. ಊಟದ ರುಚಿಯ ಮೇಲೆ ಅವನು ಬರೆದ ಪುಸ್ತಕ 1825ರ ಡಿಸೆಂಬರಿನಲ್ಲಿ ಹೊರಬಂತು; 1826ರ ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಅವನ ಹೆಸರಿನಲ್ಲಿ ಒಂದು ಚೀಸ್ ಇದೆ, ಒಂದು ಕೇಕ್ ಇದೆ. ಅವನ ನೆನಪಿಗೆ ಔತಣ ಮಾಡುವ ಭೋಜನಪ್ರಿಯರೂ ಇದ್ದಾರೆ. ಮಗಳು ಬೆಂಗಳೂರಿನಿಂದ ತಂದ ಇಂಗ್ಲಿಷ್ ಅನುವಾದವನ್ನು ಓದುತ್ತಾ ನನಗೆ ಹೊಟ್ಟೆಕಿಚ್ಚಾಯಿತು. 2025ಕ್ಕೆ ಅವನ ಪುಸ್ತಕಕ್ಕೆ ಇನ್ನೂರು ತುಂಬಿದರೆ, ಅಡುಗೆಗೂ ಒಂದು ಅಧ್ಯಾಯ ಕೊಟ್ಟ ನಮ್ಮ ಚಾವುಂಡರಾಯನ 'ಲೋಕೋಪಕಾರ'ಕ್ಕೆ, ಅದು 1025ರ ಸುಮಾರಿನದು, ಸಾವಿರವೇ ತುಂಬಿತು. ನಮ್ಮಲ್ಲಿ ಯಾವ ವಡೆಗಾದರೂ ಚಾವುಂಡರಾಯನ ಹೆಸರಿದೆಯೇ?

ಮಂಗರಸ ಕಲ್ಲಹಳ್ಳಿಯ ಅರಸು, ಜೈನ. ಸುಮಾರು 1508ರಲ್ಲಿ ಬರೆದ 'ಸೂಪಶಾಸ್ತ್ರ' ಪೂರ್ತಿ ಸಸ್ಯಾಹಾರದ್ದು. ಆರು ಅಧ್ಯಾಯಗಳಲ್ಲಿ ಹಿಟ್ಟಿನ ತಿಂಡಿ, ಪಾನಕ, ಪಾಯಸ, ಅನ್ನದ ಬಗೆಗಳು, ಹಲಸು, ಬಾಳೆ, ಬಿದಿರ ಕಳಲೆ ಎಲ್ಲಕ್ಕೂ ಜಾಗವಿದೆ. ಬದನೆಕಾಯಿಯೊಂದರದೇ ಇಪ್ಪತ್ತರಷ್ಟು ಬಗೆ. ಇದೆಲ್ಲ ವಾರ್ಧಕ ಷಟ್ಪದಿಯಲ್ಲಿ, ಅಂದರೆ ನಮ್ಮ ಹಿರಿಯರು ಕೇಳಿ ತಲೆದೂಗಿದ ಜೈಮಿನಿ ಭಾರತದ ಛಂದಸ್ಸಿನಲ್ಲಿ. ಪದ್ಯದಲ್ಲಿ ಅಡುಗೆ ಹೇಳುವುದು ಪಾಂಡಿತ್ಯದ ಜಂಬ ಎಂದು ನಾನು ಮೊದಲು ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಒಲೆಯ ಮುಂದೆ ಓಲೆಗರಿ ಬಿಚ್ಚಿ ನೋಡಲಾಗುತ್ತದೆಯೇ? ಬಾಯಿಗೆ ಬರುವ ಪದ್ಯವಾದರೆ ಕೈಗೂ ಒದಗುತ್ತದೆ.

ಎರಡನ್ನೂ ಜೊತೆಗಿಟ್ಟು ಓದಿದರೆ ಒಂದರ ಕೊರತೆ ಇನ್ನೊಂದರಲ್ಲಿ ಕಾಣುತ್ತದೆ. ಫ್ರೆಂಚನವನಲ್ಲಿ ಅಡುಗೆಯ ವಿಧಾನ ಕಡಿಮೆ, ಮಾತು ಹೆಚ್ಚು: ಹಸಿವು, ಜೀರ್ಣ, ನಿದ್ದೆ, ಬೊಜ್ಜು, ಅಮೆರಿಕದಲ್ಲಿ ಹೊಡೆದ ಕಾಡುಕೋಳಿ. ಓದಿ ಮುಗಿಸುವಾಗ ಅವನ ಗೆಳೆಯರೆಲ್ಲ ನಮಗೂ ಪರಿಚಯವಾಗಿರುತ್ತಾರೆ. ಮಂಗರಸ ಅಡುಗೆಯನ್ನು ಬಗೆಬಗೆಯಾಗಿ ಹೇಳುತ್ತಾನೆ. ಆದರೆ ಆ ಬದನೆಕಾಯಿ ಯಾರ ಎಲೆಗೆ ಬಿತ್ತು, ಯಾರು ಇನ್ನಷ್ಟು ಹಾಕಿ ಎಂದರು, ಅದು ಕೇಳಿಸುವುದಿಲ್ಲ.

ನಮ್ಮ ಊಟಕ್ಕೆ ಬದನೆಕಾಯಿ ಎಂದು ಗೊತ್ತುಮಾಡಿಕೊಂಡೆವು. ಆಗಲೇ ತೊಡಕು ಶುರುವಾದದ್ದು. ಮೆಣಸಿನಕಾಯಿ, ಶೇಂಗಾ, ಟೊಮೆಟೊ ಮೂರೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಮಂಗರಸ ಬರೆಯುವಾಗ ಅವು ನಮ್ಮ ಒಲೆ ಕಂಡಿರಲಿಲ್ಲ. ಒಣಮೆಣಸಿನಕಾಯಿಯೂ ಶೇಂಗಾ ಪುಡಿಯೂ ಇಲ್ಲದ ಎಣ್ಣೆಗಾಯಿ ಹೇಗೆ? ನಾವು ಐವರೂ ಪುಸ್ತಕ ಓದಿದವರು; ಮುಖಮುಖ ನೋಡಿಕೊಂಡೆವು. ಓದು ಬರದ ನಮ್ಮತ್ತೆ ಅಲ್ಲೇ ಕೂತು, "ಕರಿಮೆಣಸು ಐತಲ್ಲ, ಎಳ್ಳು ಐತಿ, ಹುಣಸೆಹಣ್ಣು ಐತಿ. ಗುರೆಳ್ಳು ಒಂದೀಟು ಹುರ್ಕೊಳ್ರಿ. ಇಷ್ಟಕ್ಕೆ ಯಾಕೆ ಯೋಚ್ನೆ?" ಎಂದರು. ಹತ್ತು ನಿಮಿಷದಲ್ಲಿ ಮಸಾಲೆ ಸಿದ್ಧವಾಯಿತು.

ವಡೆ ಕರಿಯುವಾಗ ಅತ್ತೆಗೆ ಫ್ರೆಂಚ್ ನ್ಯಾಯಾಧೀಶನ ಕಥೆ ಹೇಳಿದೆ. ಅವನು ತನ್ನ ಬಾಣಸಿಗ ಲಾ ಪ್ಲಾಂಶ್ ಎಂಬವನನ್ನು ಎದುರಿಗೆ ನಿಲ್ಲಿಸಿಕೊಂಡು ಕರಿಯುವ ವಿದ್ಯೆಯ ಮೇಲೆ ಭಾಷಣ ಮಾಡುತ್ತಾನೆ. ಎಣ್ಣೆ ಕಾದಿದೆಯೇ ಎಂದು ತಿಳಿಯಲು ಬ್ರೆಡ್ಡಿನ ಚೂರನ್ನು ಐದಾರು ಸೆಕೆಂಡು ಅದ್ದಿ ನೋಡು ಎನ್ನುತ್ತಾನೆ. ಅತ್ತೆ ಅಷ್ಟು ಹೊತ್ತಿಗೆ ಚಿಟಿಕೆ ಹಿಟ್ಟನ್ನು ಬಾಣಲೆಗೆ ಬಿಟ್ಟು, ಅದು ಮೇಲೆದ್ದದ್ದು ನೋಡಿ, ವಡೆ ತಟ್ಟುತ್ತಿದ್ದರು. "ಅವನಿಗೂ ಗೊತ್ತಿತ್ತಾ? ಪರವಾಗಿಲ್ಲ" ಎಂದರು. ಸ್ವಲ್ಪ ತಡೆದು, "ಇದನ್ನ ಅಡುಗೆಯವನಿಗೆ ಅವನು ಹೇಳಿಕೊಟ್ಟನೋ, ಅಡುಗೆಯವನಿಂದ ಅವನು ಕಲ್ತನೋ?" ಎಂದು ಕೇಳಿದರು.

ಆ ಪುಸ್ತಕದ ಮೇಲೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಹೊಳೆದಿಲ್ಲ. ಆದರೂ ಆ ನ್ಯಾಯಾಧೀಶನಿಗೆ ನಾನು ಒಂದು ಅಂಕ ಹೆಚ್ಚು ಕೊಡುತ್ತೇನೆ. ಬೈಯುವುದಕ್ಕೇ ಇರಲಿ, ಬಾಣಸಿಗನ ಹೆಸರನ್ನು ಬರೆದಿಟ್ಟ. ಕಲ್ಲಹಳ್ಳಿಯ ಅರಮನೆಯಲ್ಲಿ ಬದನೆಕಾಯಿ ಹೆಚ್ಚಿದವರ ಹೆಸರು ನಮ್ಮವರೆಗೆ ಬಂದಿಲ್ಲ.

ಊಟ ಚೆನ್ನಾಯಿತು. ಕಾಳುಮೆಣಸಿನ ಖಾರ ನಾಲಿಗೆಗಿಂತ ಗಂಟಲಿಗೆ ತಟ್ಟುತ್ತಿತ್ತು. ಅತ್ತೆ ಎಂದಿನಂತೆ ಬಡಿಸುತ್ತಾ ನಿಂತಿದ್ದರು. ಅಡಿಕೆ ಸುಲಿಯಲು ಬಂದ ಇಪ್ಪತ್ತು ಹೆಂಗಸರಿಗೂ ಅವರು ಹೀಗೇ ಬಡಿಸಿದವರು. ಕೂರಿ ಎಂದರೆ, "ನಂದೇನು, ಆಮೇಲೆ" ಎಂದರು. ಮಂಗರಸನ ಹೆಸರಿನ ಎಲೆ ಒಂದು ಮೂಲೆಯಲ್ಲಿ ತುಂಬಿತ್ತು. ಆ ಮಸಾಲೆ ಕೂಡಿಸಿದವರ ಎಲೆ ಇನ್ನೂ ಹಾಕಿರಲಿಲ್ಲ. ನನಗೆ ನಾಚಿಕೆಯಾಯಿತು. ಎದ್ದು ಆ ಎಡೆಯನ್ನೇ ಎತ್ತಿ ಅವರ ಮುಂದಿಟ್ಟೆ. "ಕವಿ ಉಂಡಾಯ್ತಾ?" ಎಂದು ಕೇಳಿ ಕೂತರು.

ಮಾರನೆಯ ದಿನ ಒಂದು ನೋಟುಬುಕ್ಕು ತೆರೆದೆ. ಎಳ್ಳು ಎಷ್ಟು ಎಂದರೆ ಅತ್ತೆ ಅಂಗೈ ಚಾಚಿ "ಇಷ್ಟು" ಎಂದರು. ನನ್ನ ಅಂಗೈ ಅವರದಕ್ಕಿಂತ ದೊಡ್ಡದು. ಅವರ ಅಂಗೈಯ ಎಳ್ಳನ್ನು ಚಮಚಕ್ಕೆ ಸುರಿದು ಅಳೆದೆ: ಎರಡು ಚಮಚ, ಮೇಲೆ ಚೂರು. ಹಾಗೇ ಬರೆದುಕೊಂಡೆ. ಪುಟದ ನೆತ್ತಿಯ ಮೇಲೆ ಅತ್ತೆಯ ಹೆಸರು ಬರೆದೆ. ಬದನೆ ಮುಗಿದಿದೆ. ಇನ್ನು ಹುಗ್ಗಿ, ಕಡಬು, ಕರಿಂಡಿ ಉಳಿದಿವೆ. ಅತ್ತೆಗೆ ಎಂಬತ್ತೆರಡು.