ಬ್ರಹ್ಮಗಿರಿಯ ಗೋರಿಗಳು, ಮಾಲಯದ ಎಡೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಎಂದರೆ ಹೆಚ್ಚಿನವರಿಗೆ ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದ ಮೇಲೆ ಊರಿನ ಕೀರ್ತಿಯೆಲ್ಲ ಆ ಬಂಡೆಗೇ ಸಂದಿತು. ಅಲ್ಲೇ ಹತ್ತಿರ ಕಲ್ಲಿನ ವೃತ್ತಗಳೊಳಗೆ ಹೂತುಹೋಗಿದ್ದವರನ್ನು ಲೋಕಕ್ಕೆ ಪರಿಚಯಿಸಿದ್ದು ಮಾರ್ಟಿಮರ್ ವ್ಹೀಲರ್. 1947ರಲ್ಲಿ ಅವರು ನಡೆಸಿದ ಉತ್ಖನನದ ವರದಿ 'ಏನ್ಷಿಯಂಟ್ ಇಂಡಿಯಾ'ದ 4ನೇ ಸಂಚಿಕೆಯಲ್ಲಿ ಬಂತು. ಮಣ್ಣನ್ನು ಪದರ ಪದರವಾಗಿ ಬಿಡಿಸಿ, ಮಡಕೆ ಚೂರು ಮತ್ತು ನಾಣ್ಯಗಳ ಆಧಾರದಿಂದ ದಕ್ಷಿಣ ಭಾರತದ ಪ್ರಾಚೀನತೆಗೆ ಒಂದು ಕಾಲಾನುಕ್ರಮ ಕಟ್ಟಿದ ಆ ಶಿಸ್ತಿಗೆ ಇವತ್ತಿಗೂ ಕೈಮುಗಿಯಬೇಕು. ಗೋರಿಗಳಿಗೆ ಅವರು ಕೊಟ್ಟ ಕಾಲ, ಅಂದರೆ ಕ್ರಿ.ಪೂ. 200ರಿಂದ ಕ್ರಿ.ಶ. ಒಂದನೇ ಶತಮಾನ, ಉಳಿಯಲಿಲ್ಲ. ಹಳ್ಳೂರು ಎಂಬ ಇನ್ನೊಂದು ನೆಲೆಯ ಇಂಗಾಲ ಪರೀಕ್ಷೆಗಳು ಕಬ್ಬಿಣದ ಬಳಕೆಯನ್ನೇ ಕ್ರಿ.ಪೂ. 1000ದ ಸುಮಾರಿಗೆ ಒಯ್ದವು. ಅದು ವಿದ್ಯೆ ಬೆಳೆಯುವ ರೀತಿ, ದೂರಬೇಕಾದ ವಿಷಯವಲ್ಲ.

ನನ್ನ ತಕರಾರು ಬೇರೆ. ಸತ್ತವರು ಆ ವರದಿಯಲ್ಲಿ ಕಾಲ ಹೇಳುವ ಸಾಕ್ಷಿಗಳಾಗಿ ಬರುತ್ತಾರೆಯೇ ಹೊರತು ಯಾರದೋ ಮನೆಯವರಾಗಿ ಬರುವುದಿಲ್ಲ. ಅಲ್ಲಿಯ ಒಂದು ಗೋರಿಯನ್ನು ನೋಡಿ: ನಾಲ್ಕು ಗ್ರಾನೈಟ್ ಚಪ್ಪಡಿಗಳನ್ನು ಒಂದಕ್ಕೊಂದು ಆತುಕೊಳ್ಳುವಂತೆ ನಿಲ್ಲಿಸಿ, ತಳಕ್ಕೊಂದು, ಮೇಲಕ್ಕೊಂದು ಚಪ್ಪಡಿ ಹಾಕಿದ್ದಾರೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಒಳಗೆ ಒಬ್ಬರಿಗಿಂತ ಹೆಚ್ಚು ಜನರ ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು. ಕೆಲವು ವೃತ್ತಗಳಲ್ಲಿ ಮೂಳೆಯಿಲ್ಲದ ಗುಂಡಿಗಳಿದ್ದವು. ಹೆಣವನ್ನು ಮೊದಲು ಅಲ್ಲಿಟ್ಟು, ಮಾಂಸ ಕಳೆದ ಮೇಲೆ ಮೂಳೆ ಆಯ್ದು ಕಲ್ಲಿನ ಕೋಣೆಗೆ ತಂದಿರಬಹುದೆಂದು ವ್ಹೀಲರ್ ಊಹಿಸಿದರು. ಆ ಊಹೆ ನಿಜವಾದರೆ, ಯಾರೋ ತಿಂಗಳುಗಟ್ಟಲೆ ಕಾದು, ತಿರುಗಿ ಬಂದು, ತಮ್ಮವರ ಮೂಳೆಗಳನ್ನು ಕೈಯಾರೆ ಎತ್ತಿಕೊಂಡಿದ್ದಾರೆ. ಮೆಕ್ಸಿಕೋದ ಪೋಮುಚ್ ಎಂಬ ಮಾಯಾ ಊರಿನಲ್ಲಿ ಇದು ಇವತ್ತಿಗೂ ನಡೆಯುತ್ತದೆ. ವರ್ಷಕ್ಕೊಮ್ಮೆ ಮನೆಯವರು ಮೂಳೆಗಳನ್ನು ಹೊರತೆಗೆದು ಧೂಳು ಒರೆಸಿ, ಪೆಟ್ಟಿಗೆಗೆ ಹೊಸದಾಗಿ ಕಸೂತಿ ಹಾಕಿದ ಬಟ್ಟೆ ಹಾಸುತ್ತಾರೆ. ಅಲ್ಲಿಯ ಕೈಗಳನ್ನು ನೋಡಿದವರಿಗೆ ಬ್ರಹ್ಮಗಿರಿಯ ಆ ಕಂಡಿ ಬರೀ ವಾಸ್ತುವಿವರವಾಗಿ ಉಳಿಯಲಾರದು.

ಇವತ್ತಿನ ಆಚರಣೆಯನ್ನು ಅಷ್ಟು ಹಿಂದಕ್ಕೆ ಹೊತ್ತೊಯ್ದು ಒಂದೇ ಪರಂಪರೆ ಎನ್ನಲು ಬರುವುದಿಲ್ಲ, ನಿಜ. ಆದರೂ ಬ್ರಹ್ಮಗಿರಿ ಸೀಮೆಯ ಜನ ಸತ್ತವರ ಬಳಿಗೆ ಮತ್ತೆ ಹೋಗುವುದನ್ನು ಬಿಟ್ಟಿಲ್ಲ. ಮಣ್ಣು ಮಾಡಿದ ಮೂರನೇ ದಿನ ಹಾಲು-ತುಪ್ಪ ಬಿಡುತ್ತಾರೆ. ಮಾಲಯ ಅಮಾವಾಸ್ಯೆ ಬಂದರೆ ಚಳ್ಳಕೆರೆಯ ಹಳ್ಳಿಗಳಲ್ಲಿ ಹಿರಿಯರಿಗೆ ಎಡೆ. ಕಳಶದ ಮುಂದೆ ಹೊಸ ಪಂಚೆ, ಸೀರೆ; ಎಲೆಯ ಮೇಲೆ ಹೋಳಿಗೆ, ವಡೆ; ಬಾಡೂಟದ ಮನೆಯಾದರೆ ಮಾಂಸ. ಹೋದವನಿಗೆ ಬೀಡಿ ಇಷ್ಟವಿದ್ದರೆ ಬೀಡಿ ಕಟ್ಟು, ಕುಡಿಯುತ್ತಿದ್ದರೆ ಅದೂ ಉಂಟು. ಸಾಂಬ್ರಾಣಿ ಹೊಗೆ ಹಾಕಿ, ಅವರು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಾರೆ. ಸತ್ತವನ ಚಟವನ್ನೂ ಮರೆಯದ ಈ ಪ್ರೀತಿ ಮಂತ್ರ ಹೇಳಿಸುವ ಶ್ರಾದ್ಧದಲ್ಲಿ ನನಗೆ ಕಂಡಿಲ್ಲ.

ಎಡೆಯ ಕೊರತೆ ಕಾಣುವುದೂ ವ್ಹೀಲರ್ ವರದಿಯನ್ನು ಓದುವಾಗಲೇ. ಗೋರಿಗಳಿಗಿಂತ ಹಿಂದಿನ ಪದರದಲ್ಲಿ, ಜನ ಬಾಳಿ ಬದುಕಿದ ನೆಲೆಯಲ್ಲೇ, ಮಡಕೆಯೊಳಗಿಟ್ಟು ಹೂತ ಹಸುಗೂಸುಗಳು ಸಿಕ್ಕಿದವು. ಕೂಸನ್ನು ಊರಾಚೆ ಕಳಿಸದೆ ತಮ್ಮ ನಡುವೆಯೇ ಉಳಿಸಿಕೊಂಡ ಜನ ಅವರು. ಮೆಕ್ಸಿಕೋದ ಯುಕಟಾನಿನ ಮಾಯಾ ಮನೆಗಳಲ್ಲೂ, ಸತ್ತವರನ್ನು ನೆನೆಯುವ ದಿನಗಳಲ್ಲಿ, ಅಕ್ಟೋಬರ್ 31 ಸತ್ತ ಮಕ್ಕಳದು. ದೊಡ್ಡವರ ಸರದಿ ಮರುದಿನ. ನಮ್ಮ ಮಾಲಯದಲ್ಲಿ ಎಳೆಯ ಕೂಸಿಗೆ ಸಾಮಾನ್ಯವಾಗಿ ಎಲೆಯಿಲ್ಲ. ಅದಕ್ಕೆ ತಿಥಿಯಿಲ್ಲ, ಎಷ್ಟೋ ಸಲ ಹೆಸರೂ ಇಟ್ಟಿರುವುದಿಲ್ಲ. ಬೆಳಗಿನಿಂದ ಒಲೆಯ ಮುಂದೆ ಕೂತು ಅತ್ತೆ-ಮಾವನಿಗೆ ಅಡುಗೆ ಮಾಡುವ ತಾಯಿ ತಾನು ಹೆತ್ತು ಕಳೆದುಕೊಂಡ ಮಗುವಿನ ಮಾತೆತ್ತುವಂತಿಲ್ಲ. ಇಷ್ಟು ಕರುಣೆಯ ಆಚರಣೆಯಲ್ಲಿ ಇದು ದೊಡ್ಡ ಲೋಪ. ತಿದ್ದಲು ಯಾವ ಪುರೋಹಿತರ ಅಪ್ಪಣೆಯೂ ಬೇಕಿಲ್ಲ, ಎಡೆ ಇಡುವವರು ಮನೆಯವರೇ. ಬರುವ ಮಾಲಯಕ್ಕೆ ಆ ತಾಯಿ ಕೇಳಿದರೆ ಇನ್ನೊಂದು ಪುಟ್ಟ ಎಲೆ ಹಾಕಿ, ಒಂದು ಲೋಟ ಹಾಲಿಡಲಿ.