ಸಂಸ್ಕೃತಿ ಶೋಧದ ಎರಡು ದಾರಿಗಳು

ನಮ್ಮ ಸಂಘದ ವಾಚನಾಲಯದಲ್ಲಿ ಕಾದಂಬರಿಗಳ ರಟ್ಟು ಸವೆದಿರುತ್ತದೆ. ಸಂಶೋಧನ ಗ್ರಂಥಗಳ ಮೇಲೆ ಧೂಳು ಕುಳಿತಿರುತ್ತದೆ. ಅವೆಲ್ಲ ಪಂಡಿತರಿಗೆ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ನಾನೂ ಪಂಡಿತನಲ್ಲ, ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರ್ಕಾರದ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವನು. ಆದರೂ ಇಂಥ ಎರಡು ಗ್ರಂಥಗಳನ್ನು ಈಚೆಗೆ ಒಂದರ ಹಿಂದೊಂದು ಓದಿದೆ. ಹೈದರಾಬಾದಿನ ಕನ್ನಡಿಗರು ಇವನ್ನು ಓದಲೇಬೇಕು, ಆದರೆ ಎಚ್ಚರದಿಂದ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು ಶಂ.ಬಾ. ಜೋಶಿಯವರ 'ಕಣ್ಮರೆಯಾದ ಕನ್ನಡ' (1933). ಕನ್ನಡ ನಾಡು ಗೋದಾವರಿಯವರೆಗೆ ಹಬ್ಬಿತ್ತೆಂದು 'ಕವಿರಾಜಮಾರ್ಗ' ಹೇಳುತ್ತದೆ. ಹಾಗಾದರೆ ಅಲ್ಲಿದ್ದ ಕನ್ನಡ ಏನಾಯಿತು? ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದ ಜೋಶಿಯವರು ಈ ಪ್ರಶ್ನೆಯ ಬೆನ್ನುಹತ್ತಿ, ಮಹಾರಾಷ್ಟ್ರದ ಊರ ಹೆಸರುಗಳಲ್ಲಿ ಕನ್ನಡದ ಕುರುಹನ್ನು ಹುಡುಕಿದರು. ಊರಿನ ಹೆಸರೂ ಒಂದು ದಾಖಲೆಯೆಂದು ಅಷ್ಟು ಹಿಂದೆಯೇ ಕಂಡುಕೊಂಡ ಅವರ ಧೈರ್ಯ ದೊಡ್ಡದು.

ಆದರೆ ಈ ದಾರಿಯಲ್ಲಿ ಕಾಲು ಜಾರುವುದೂ ಸುಲಭ. ನಮ್ಮ ನಾಂಪಲ್ಲಿ, ಕೂಕಟಪಲ್ಲಿಗಳನ್ನೇ ನೋಡಿ. ನಮ್ಮ 'ಹಳ್ಳಿ' ಹಳಗನ್ನಡದಲ್ಲಿ 'ಪಳ್ಳಿ'ಯಾಗಿತ್ತು. ಹಾಗೆಂದು ಈ ಪಲ್ಲಿಗಳೆಲ್ಲ ಕನ್ನಡದ ಊರುಗಳೆನ್ನಲಾದೀತೆ? ತೆಲುಗಿನ 'ಪಲ್ಲಿ', ಕನ್ನಡದ 'ಹಳ್ಳಿ' ಒಂದೇ ಮನೆಯ ಮಕ್ಕಳು. ಹೆಸರು ತೋರಿಸುವುದು ನಂಟನ್ನು. ಒಡೆತನಕ್ಕೆ ಬೇರೆ ಸಾಕ್ಷಿ ಬೇಕು. ವಿಜ್ಞಾನ ಓದಿದವರು ಇದನ್ನು ಊಹೆ ಎನ್ನುತ್ತಾರೆ; ಪರೀಕ್ಷೆಯಾಗುವವರೆಗೂ ಅದು ಊಹೆಯೇ.

ಎರಡನೆಯ ಗ್ರಂಥ ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966). ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳೇ ಇದರ ಆಧಾರ. ಗುಮಾಸ್ತನಾದ ನನಗೆ ಶಾಸನವೆಂದರೆ ಪರಿಚಿತ ವಸ್ತು. ಅದರಲ್ಲಿ ತಾರೀಖಿದೆ, ದಾನಿಯ ಹೆಸರಿದೆ, ಕೊಟ್ಟ ಭೂಮಿಯ ವಿವರವಿದೆ, ಅಳಿಸಿದವನಿಗೆ ಶಾಪವೂ ಇದೆ! ಇಂಥ ಒಣ ದಾಖಲೆಗಳಿಂದ ಲೇಖಕರು ಗುಡಿ, ವಿದ್ಯೆ, ಧರ್ಮ, ತುರು ಕಾದು ಮಡಿದ ವೀರರು ಎಲ್ಲವನ್ನೂ ಎತ್ತಿ ತೋರಿಸುತ್ತಾರೆ. ಇಲ್ಲಿ ಹೆಜ್ಜೆ ನಿಧಾನ, ಆದರೆ ಗಟ್ಟಿ.

ಕೊರತೆಯೇ ಇಲ್ಲವೆಂದಲ್ಲ. ಕಲ್ಲು ಕೆತ್ತಿಸಲು ಹಣ ಬೇಕು. ಇಲ್ಲವೇ ಕಲ್ಲು ನಿಲ್ಲಿಸುವಂಥ ಸಾವು ಬೇಕು. ಎರಡೂ ಇಲ್ಲದವರ ಬದುಕು ಶಾಸನದಲ್ಲಿ ಅಪರೂಪ. ಹೀಗಾಗಿ ಊರ ಹೆಸರಿನ ದಾರಿಯನ್ನು ಪೂರ್ತಿ ಬಿಡುವಂತಿಲ್ಲ. ಒಂದು ದಾರಿ ಪ್ರಶ್ನೆ ಎತ್ತಿದರೆ ಮತ್ತೊಂದು ಅದಕ್ಕೆ ಸಾಕ್ಷಿ ಕೇಳಬೇಕು.

ನಮಗೇಕೆ ಈ ವಿಚಾರ? ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ತೆಲುಗು ಸಹೋದ್ಯೋಗಿಯೊಬ್ಬರ ಮುಂದೆ, "ವೇಮುಲವಾಡ ನಮ್ಮ ಪಂಪನಿದ್ದ ಊರು, ಅದೆಲ್ಲ ಕನ್ನಡ ನೆಲ" ಎಂದು ಬೀಗಿದೆ. ಅವರು ನಕ್ಕು, "ಪಂಪನ ತಮ್ಮ ತೆಲುಗು ಪದ್ಯ ಕೆತ್ತಿಸಿದ್ದು ಗೊತ್ತೇನ್ರೀ?" ಎಂದರು. ಮಕ್ಕಳು ನನ್ನ ಮುಖ ನೋಡಿದರು. ನನಗೆ ಗೊತ್ತಿರಲಿಲ್ಲ.

ಆಮೇಲೆ ತಿಳಿದೆ. ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನ ಹತ್ತನೆಯ ಶತಮಾನದ ಶಾಸನವಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ಪಂಪನ ತಂದೆ ಭೀಮಪಯ್ಯ, ಅರಿಕೇಸರಿ ಪಂಪನಿಗೆ ಕೊಟ್ಟ ಧರ್ಮಪುರದ ಅಗ್ರಹಾರ, ಇವುಗಳ ವಿವರ ಅಲ್ಲಿದೆ. ಅದರ ಕಂದಪದ್ಯಗಳು ತೆಲುಗಿನ ಬಹು ಹಳೆಯ ಪದ್ಯಗಳಲ್ಲಿ ಸೇರಿವೆ. ನಮ್ಮ ಆದಿಕವಿಯ ಮನೆಯ ವಿವರಕ್ಕೆ ನಾವೂ, ತಮ್ಮ ಹಳೆಯ ಪದ್ಯಕ್ಕೆ ಅವರೂ ಅದೇ ಬಂಡೆಯ ಬಳಿಗೆ ಹೋಗಬೇಕು.

ಸಂಶೋಧನ ಗ್ರಂಥವನ್ನು ಹೊಲದ ಪಹಣಿಯಂತೆ ಹಿಡಿದು ನೆರೆಯವರೊಡನೆ ವಾದಕ್ಕಿಳಿದರೆ ನನಗಾದದ್ದೇ ಆದೀತು. ಆದ್ದರಿಂದ ನನ್ನದೊಂದು ಸೂಚನೆ: ಮೊದಲು ಈ ಎರಡು ಪುಸ್ತಕಗಳ ಧೂಳು ಕೊಡವೋಣ. ಆಮೇಲೊಂದು ಭಾನುವಾರ ಸಂಘದ ವತಿಯಿಂದ ಕುರಿಕ್ಯಾಲಕ್ಕೆ ಹೋಗೋಣ. ತೆಲುಗು ಮಿತ್ರರನ್ನೂ ಕರೆಯೋಣ. ಅವರ ಪದ್ಯಗಳನ್ನು ನಮಗೆ ಓದಿ ಹೇಳುವವರು ಬೇಕಲ್ಲ!