ಕನಸಿನ ಸಭೆ, ಕಣ್ಣೆದುರಿನ ಸಹೋದರ

ಕನ್ನಡ ಬೈಬಲ್ಲಿನಲ್ಲಿ ವಿಶ್ವಾಸಿಗಳ ಒಡನಾಟಕ್ಕೆ ‘ಅನ್ಯೋನ್ಯತೆ’ ಎಂಬ ಮಾತಿದೆ. ಆಡುಮಾತಿನಲ್ಲಿ ನಾವದನ್ನು ಗಂಡಹೆಂಡಿರಿಗೆ ಹೇಳುತ್ತೇವೆ. ಅನ್ಯೋನ್ಯವಾಗಿದ್ದಾರೆ ಅಂದರೆ ಜಗಳವಿಲ್ಲ, ಮನಸ್ತಾಪವಿಲ್ಲ ಎಂದು. ಸಭೆಯಿಂದಲೂ ನಾವು ಬಯಸುವುದು ಇದನ್ನೇ. ಜರ್ಮನ್ ಪಾದ್ರಿ ಡೀಟ್ರಿಷ್ ಬೊನ್‌ಹೋಫರ್ 1939ರಲ್ಲಿ ಪ್ರಕಟಿಸಿದ ‘ಗೆಮೈನ್‌ಸಾಮೆಸ್ ಲೇಬೆನ್’, ಅಂದರೆ ‘ಕೂಡಿ ಬಾಳುವುದು’, ಮೊದಲ ಅಧ್ಯಾಯದಲ್ಲೇ ಈ ಬಯಕೆಯ ಮೇಲೆ ಕೈಯಿಡುತ್ತದೆ. ಸಭೆ ಹೀಗಿರಬೇಕೆಂಬ ಕನಸನ್ನು ಎದುರಿಗಿರುವ ಸಹೋದರನಿಗಿಂತ ಹೆಚ್ಚು ಪ್ರೀತಿಸುವವನು, ಅವನೆಷ್ಟೇ ಪ್ರಾಮಾಣಿಕನಾಗಿರಲಿ, ಸಭೆಯನ್ನು ಕೆಡಿಸುತ್ತಾನೆ ಎಂಬುದು ಬೊನ್‌ಹೋಫರ್ ವಾದ.

ಇದು ಪುಸ್ತಕದ ಕೋಣೆಯಲ್ಲಿ ಹುಟ್ಟಿದ ಮಾತಲ್ಲ. ಹಿಟ್ಲರನಿಗೆ ಮಣಿಯದ ಸಭೆಗಳಿಗಾಗಿ ಅವರು 1935ರಿಂದ ಫಿಂಕೆನ್‌ವಾಲ್ಡೆಯಲ್ಲಿ ಒಂದು ಸೆಮಿನರಿ ನಡೆಸಿದರು. ಎಳೆಯ ಉಪದೇಶಕರು ಒಂದೇ ಸೂರಿನಡಿ ಉಂಡು, ಓದಿ, ಪ್ರಾರ್ಥಿಸಿದರು. 1937ರಲ್ಲಿ ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅದಕ್ಕೆ ಬೀಗ ಹಾಕಿತು. ಮರುವರ್ಷ ಗಟಿಂಗೆನ್ ಊರಿನಲ್ಲಿ ಅವಳಿ ತಂಗಿಯ ಮನೆಯಲ್ಲಿ ಕುಳಿತು, ಸುಮಾರು ನಾಲ್ಕು ವಾರಗಳಲ್ಲಿ ಅವರು ಈ ಪುಸ್ತಕ ಬರೆದರು. ತಂಗಿ ಅಲ್ಲಿರಲಿಲ್ಲ. ಆಕೆಯ ಗಂಡ ಯಹೂದಿ ಮೂಲದವರಾದ್ದರಿಂದ ಸಂಸಾರ ಸಮೇತ ದೇಶ ಬಿಟ್ಟಿದ್ದರು. ಆ ಮನೆ ಯಾಕೆ ಬರಿದಾಯಿತು ಎಂಬ ನೇರ ಮಾತು ಪುಸ್ತಕದಲ್ಲಿಲ್ಲ. ಬಲಹೀನನನ್ನು ಹೊರಗಿಟ್ಟವರು ಕ್ರಿಸ್ತನನ್ನೇ ಹೊರಗಿಟ್ಟಾರು ಎಂಬ ಎಚ್ಚರಿಕೆ ಮಾತ್ರ ಇದೆ. ಅಷ್ಟು ಸಾಲದು ಎಂದು ಪ್ರತಿ ಸಲ ಓದುವಾಗಲೂ ನನಗೆ ನೋವಾಗುತ್ತದೆ.

ಪುಸ್ತಕದ ಜೀವ ಇರುವುದು ಸೇವೆಯ ಅಧ್ಯಾಯದಲ್ಲಿ. ಉತ್ತೇಜನವೆಂದರೆ ನಮಗೆ ಮಾತು: ಒಂದು ವಚನ, ಒಂದು ಸಾಕ್ಷಿ, ಬೆನ್ನು ತಟ್ಟುವ ಪ್ರಾರ್ಥನೆ. ಬೊನ್‌ಹೋಫರ್ ದೇವರ ವಾಕ್ಯ ಹೇಳುವ ಸೇವೆಯನ್ನು ಹಿಂದಕ್ಕಿಟ್ಟು, ನಾಲಿಗೆ ಬಿಗಿಹಿಡಿಯುವುದನ್ನು ಮೊದಲಿಗಿಡುತ್ತಾರೆ. ಕೇಳಿಸಿಕೊಳ್ಳುವುದು, ಕೈಜೋಡಿಸುವುದು, ಹೊರೆ ಹೊರುವುದು ಇವೆರಡರ ನಡುವೆ ಬರುತ್ತವೆ. ಫಿಂಕೆನ್‌ವಾಲ್ಡೆಯಲ್ಲಿ ಒಂದು ನಿಯಮವಿತ್ತು: ಎದುರಿಗಿಲ್ಲದವನ ಬಗ್ಗೆ ಮಾತಾಡಬಾರದು; ಆಡಿದರೆ, ಆಮೇಲೆ ಅವನಿಗೇ ಹೋಗಿ ತಿಳಿಸಬೇಕು. ನಮ್ಮ ಯಾವ ಮನೆಪ್ರಾರ್ಥನೆ ಇದನ್ನು ಒಂದು ವಾರ ಪಾಲಿಸೀತು?

ನಮ್ಮ ತಂದೆ ತೀರಿಕೊಂಡ ವಾರ ಸಭೆಯವರು ತಂಡತಂಡವಾಗಿ ಬಂದು, ವಚನ ಓದಿ, ಪ್ರಾರ್ಥಿಸಿ ಹೋದರು. ಅವರ ಪ್ರೀತಿ ನಿಜವಾದದ್ದೇ. ಆದರೆ ಅಪ್ಪನ ಕೊನೆಯ ರಾತ್ರಿಯನ್ನು ಅಮ್ಮ ಪೂರ್ತಿ ಹೇಳಿಕೊಂಡದ್ದು ಪಕ್ಕದ ಓಣಿಯ ಅಜ್ಜಿಯೊಬ್ಬರ ಹತ್ತಿರ. ಅವರು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ‘ಹೂಂ’ಗುಟ್ಟಿದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ಮರುದಿನವೂ ಬಂದರು.

ಪುಸ್ತಕದಲ್ಲಿ ಒಪ್ಪಲಾಗದ್ದೂ ಇದೆ. ಕೂಡಿ ಹಾಡುವಾಗ ಎಲ್ಲರದೂ ಒಂದೇ ಸ್ವರವಾಗಿರಬೇಕು, ಬೇರೆ ಬೇರೆ ದನಿ ಸೇರಿಸುವುದು ಅಹಂಕಾರ ಎನ್ನುತ್ತಾರೆ ಬೊನ್‌ಹೋಫರ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹಾಡುಗಳನ್ನು ನಾಲ್ಕು ದನಿಯಲ್ಲಿ ಕೇಳುತ್ತ ಬೆಳೆದ ನನಗೆ ಇದು ಅನ್ಯಾಯವೆನಿಸುತ್ತದೆ. ಆಲ್ಟೊ ಹಾಡುವವಳು ಪಕ್ಕದವಳ ದನಿಗೆ ಕಿವಿಗೊಡದೆ ಒಂದು ಸಾಲೂ ಹಾಡಲಾರಳು. ಕೇಳಿಸಿಕೊಳ್ಳುವ ಸೇವೆ ಅಲ್ಲಿಯೂ ಇದೆ. ಇನ್ನು ಪುಸ್ತಕ ಹೇಳುವ ದಿನಚರಿ ಸಂಸಾರವಿಲ್ಲದ ಗಂಡು ಹುಡುಗರದು. ಬೆಳಗ್ಗೆ ಮಕ್ಕಳ ಬುತ್ತಿ ಕಟ್ಟುವವಳಿಗೆ ಅದರಲ್ಲಿ ಜಾಗವಿಲ್ಲ.

ಕೊನೆಯ ಅಧ್ಯಾಯ ಪಾಪನಿವೇದನೆಯದು. ಪಾಪವನ್ನು ದೇವರಿಗಷ್ಟೇ ಹೇಳಿಕೊಂಡವನು ತನ್ನನ್ನು ತಾನೇ ಕ್ಷಮಿಸಿಕೊಂಡಿರಬಹುದು, ಆದ್ದರಿಂದ ಒಬ್ಬ ಸಹೋದರನಿಗೆ ಹೇಳು ಎನ್ನುತ್ತದೆ ಅದು. ಪ್ರೊಟೆಸ್ಟೆಂಟರಾದ ನಾವು ಈ ಪುಟಗಳನ್ನು ಬೇಗ ಮಗುಚುತ್ತೇವೆ. ಫಿಂಕೆನ್‌ವಾಲ್ಡೆಯ ಹುಡುಗರಿಗೂ ಇದು ಇರುಸುಮುರುಸೇ ಆಗಿತ್ತು. ಒಂದು ದಿನ ಬೊನ್‌ಹೋಫರ್ ತಮ್ಮ ವಿದ್ಯಾರ್ಥಿಗಳಲ್ಲೇ ಒಬ್ಬನ ಬಳಿ ಹೋಗಿ, ನನ್ನ ನಿವೇದನೆ ಕೇಳುತ್ತೀಯಾ ಎಂದು ಬೇಡಿಕೊಂಡರು.